‘ಅಡ್ಡಿಲ್ಲ’ ಅನ್ನುವುದನ್ನು ದಿಲ್ಲಿಯಲ್ಲಿ ಹೇಗೆ ಹೇಳುವುದು?

(ಕಾರವಾರದಲ್ಲಿ ಮಳೆಗಾಲದ ಒಂದು ಭಾನುವಾರ ಸಂಜೆ ಆಡಿದ ಮಾತುಗಳ ಬರಹ ರೂಪ. ತಗಡಿನ ಮಾಡಿನ ಮೇಲೆ ಮಳೆ ಹೊಯ್ಯುತ್ತಿದ್ದರಿಂದ ಹಿಂದಿನ ಸಾಲಿನವರಿಗೆ ಅರ್ಧ ಕೇಳಿಸಲಿಲ್ಲವಂತೆ. ಅವರಿಗಾಗಿ ಬರೆದಿದ್ದೇನೆ. ಕೊನೆಗೆ ನಡೆದ ಒಂದು ಸಂಗತಿಯನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ಕೊಡೆ ಹಿಡಿದು ಇಷ್ಟು ಜನ ಬಂದಿದ್ದೀರಿ. ಬಿಸಿ ಚಾ ಇದೆ ಅಂತ ಬಂದವರೂ ಇರಬಹುದು. ಇರಲಿ, ಅಡ್ಡಿಲ್ಲ.

ಈ ‘ಅಡ್ಡಿಲ್ಲ’ದಿಂದಲೇ ಶುರು ಮಾಡುತ್ತೇನೆ. ನಮ್ಮ ಜಿಲ್ಲೆಯವರನ್ನು ಬೆಂಗಳೂರಿನ ಬಸ್ಸಿನಲ್ಲಿ ಬಿಟ್ಟರೂ ಗುರುತು ಹಿಡಿಯಲು ಈ ಒಂದು ಮಾತು ಸಾಕು. ಊಟ ಹೇಗಿತ್ತು? ಅಡ್ಡಿಲ್ಲ. ಹುಡುಗ ಹೇಗೆ? ಅಡ್ಡಿಲ್ಲ. ನಾಳೆ ಬರಲಾ? ಅಡ್ಡಿಲ್ಲ. ಮೂರೂ ಬೇರೆ ಬೇರೆ. ಊಟ ಅಡ್ಡಿಲ್ಲ ಅಂದರೆ ಚೆನ್ನಾಗಿತ್ತು ಅಂತಲೂ ಆಗುತ್ತದೆ. ಸಾರಿಗೆ ಉಪ್ಪು ಕಮ್ಮಿಯಾಗಿತ್ತು, ಹೇಳಿ ಯಾಕೆ ಬೇಜಾರು ಮಾಡಲಿ ಅಂತಲೂ ಆಗುತ್ತದೆ. ಯಾವುದು ಅಂತ ಮುಖ ನೋಡಿಯೇ ತಿಳಿಯಬೇಕು.

ನಾನು ಕೋರ್ಟುಗಳಲ್ಲಿ ಗುಮಾಸ್ತನಾಗಿ ಕೆಲಸ ಮಾಡಿ ನಿವೃತ್ತನಾದವನು. ನ್ಯಾಯಾಧೀಶರ ಪೀಠದ ಕೆಳಗೆ ಒಂದು ಮೇಜು, ಅದರ ತುಂಬ ಫೈಲು, ಅದರ ಹಿಂದೆ ನಾನು. ಮನೆಮಾತು ಕೊಂಕಣಿ ಆದ್ದರಿಂದ ಕೊಂಕಣಿ ಬಿಟ್ಟರೆ ಬೇರೆ ಬಾರದ ಸಾಕ್ಷಿ ಬಂದಾಗೆಲ್ಲ ‘ನೀವೇ ಸ್ವಲ್ಪ ನಿಲ್ಲಿ’ ಅನ್ನುತ್ತಿದ್ದರು. ಅವರು ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳಬೇಕು. ವಕೀಲರು ಕೇಳಿದ್ದನ್ನು ಕೊಂಕಣಿಯಲ್ಲಿ ಕೇಳಬೇಕು. ಸಂಬಳ ಗುಮಾಸ್ತನದೇ.

ಒಂದು ದಾವೆ ನೆನಪಿದೆ. ಯಾವ ಕೋರ್ಟು, ಯಾವ ವರ್ಷ ಅಂತ ಹೇಳುವುದಿಲ್ಲ. ಇಬ್ಬರು ಅಣ್ಣತಮ್ಮಂದಿರ ಗಜನಿ ಭೂಮಿಯ, ಅಂದರೆ ಹಿನ್ನೀರಿನ ಉಪ್ಪುನೆಲದ ಗದ್ದೆಯ, ಪಾಲಿನ ಜಗಳ. ಇಬ್ಬರದೂ ಕನ್ನಡ, ನಮ್ಮ ಕರಾವಳಿಯ ಕನ್ನಡ. ತಮ್ಮ ಕಟಕಟೆಯಲ್ಲಿ ನಿಂತಿದ್ದ. ಪಾಟೀಸವಾಲು ನಡೆಯುತ್ತಿತ್ತು. ಅಣ್ಣನ ವಕೀಲರು ಕೇಳಿದರು: “ಪಾಲುಪಟ್ಟಿ ಓದಿ ಹೇಳಿದಾಗ ನೀವು ಏನಂದಿರಿ?” ಅವನು ನೆಲ ನೋಡಿ ಹೇಳಿದ: “ಅಡ್ಡಿಲ್ಲ ಅಂದೆ.” ನ್ಯಾಯಾಧೀಶರು ಮೈಸೂರು ಕಡೆಯವರು. ಕನ್ನಡದವರೇ, ಒಳ್ಳೆಯ ಮನುಷ್ಯ. ಅವರು ಟೈಪಿಸ್ಟಿಗೆ ಇಂಗ್ಲಿಷಿನಲ್ಲಿ ಬರೆಸಿದರು. ಅದನ್ನು ಕನ್ನಡದಲ್ಲಿ ಹೇಳುವುದಾದರೆ, ‘ನಾನು ಒಪ್ಪಿಕೊಂಡೆ.’

ನಾನು ಕೆಳಗೆ ಕೂತು ಆ ತಮ್ಮನ ಮುಖ ನೋಡುತ್ತಿದ್ದೆ. ಅವನು ಹೇಳಿದ್ದು ‘ಒಪ್ಪಿಕೊಂಡೆ’ ಅಂತ ಅಲ್ಲವೇ ಅಲ್ಲ. ‘ಅಣ್ಣನ ಎದುರು ಏನು ಅಂತ ಹೇಳಲಿ, ಆಗಲಿ ಬಿಡು ಅಂದೆ’ ಅಂತ. ನನಗೆ ಗೊತ್ತಿತ್ತು. ಅಲ್ಲಿದ್ದ ಅರ್ಧ ಜನಕ್ಕೆ ಗೊತ್ತಿತ್ತು. ಆದರೆ ಕನ್ನಡದವನ ಮಾತನ್ನು ಕನ್ನಡದವರಿಗೆ ತಿಳಿಸಲು ದುಭಾಷಿ ಯಾಕೆ? ನನ್ನನ್ನು ಯಾರೂ ಕೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಮುಂದೆ ತೀರ್ಪಿನಲ್ಲಿ ಆ ಒಂದು ಸಾಲು ಅವನಿಗೆ ಮುಳುವಾಯಿತು.

ಸಂಘಟಕರು ನನಗೆ ಕೊಟ್ಟ ವಿಷಯ ಸಂಸತ್ತಿನಲ್ಲಿ ಭಾಷೆ, ನಮ್ಮ ಗುರುತು ಅಂತ. ದೊಡ್ಡ ವಿಷಯ. ನಾನು ಸಂಸತ್ತಿನ ಒಳಗೆ ಕಾಲಿಟ್ಟವನಲ್ಲ. ಆದರೆ ಒಂದು ಕೋಣೆ, ಅಲ್ಲಿ ಹತ್ತು ಥರದ ಮಾತು, ಕೊನೆಗೆ ಕಾಗದದ ಮೇಲೆ ಉಳಿಯುವುದು ಒಂದೇ ಥರದ ಮಾತು. ಈ ವ್ಯವಹಾರ ನನಗೆ ಚೆನ್ನಾಗಿ ಗೊತ್ತು. ಕೋರ್ಟಿನ ಅನುಭವವನ್ನೇ ದಿಲ್ಲಿಗೆ ಒಯ್ದು ನೋಡುತ್ತೇನೆ.

ಸಂವಿಧಾನದ 120ನೇ ವಿಧಿ ಹೇಳುವುದು ಇಷ್ಟು. ಸಂಸತ್ತಿನ ಕಲಾಪ ಹಿಂದಿ ಇಲ್ಲವೇ ಇಂಗ್ಲಿಷಿನಲ್ಲಿ ನಡೆಯಬೇಕು. ಈ ಎರಡರಲ್ಲೂ ತನ್ನ ಮಾತನ್ನು ಸರಿಯಾಗಿ ಹೇಳಲು ಬಾರದ ಸದಸ್ಯನಿಗೆ ತಾಯ್ನುಡಿಯಲ್ಲಿ ಮಾತಾಡಲು ಸ್ಪೀಕರ್ ಇಲ್ಲವೇ ಸಭಾಪತಿ ಅನುಮತಿ ಕೊಡಬಹುದು. ಮೊದಲ ಸಲ ಓದಿದಾಗ ‘ಪರವಾಗಿಲ್ಲ, ಉದಾರವಾಗಿದೆ’ ಅನಿಸಿತ್ತು. ಕೋರ್ಟಿನವನ ಕಣ್ಣಿನಿಂದ ಇನ್ನೊಮ್ಮೆ ಓದಿದೆ. ‘ಬಾರದ’ ಅಂತ ಒಂದು ಮಾತು ಇದೆಯಲ್ಲ, ಕಾಲಿಗೆ ಚುಚ್ಚುವ ಮುಳ್ಳು ಅದೇ. ಕನ್ನಡದಲ್ಲಿ ಮಾತಾಡಬೇಕಾದರೆ ಮೊದಲು ‘ನನಗೆ ಆ ಎರಡೂ ಸರಿಯಾಗಿ ಬರುವುದಿಲ್ಲ ಸ್ವಾಮಿ’ ಅಂತ ತಲೆ ತಗ್ಗಿಸಬೇಕು. ನನ್ನ ಭಾಷೆ ನನಗೆ ಬೇಕು ಅಂತ ಕೇಳಲು ಅಲ್ಲಿ ಜಾಗವಿಲ್ಲ. ಬೇರೆ ಬಾರದು, ಅದಕ್ಕೆ ಇದು ಅನ್ನಬೇಕು. ಈಚಿನ ವರ್ಷಗಳಲ್ಲಿ ಯಾರೂ ಇದನ್ನು ಅಷ್ಟು ಬಿಗಿಯಾಗಿ ಹಿಡಿಯುವುದಿಲ್ಲ, ನಿಜ. ಆದರೆ ಬರೆದದ್ದು ಬರೆದ ಹಾಗೇ ಇದೆ.

ಈ ಜಗಳ ಸಂವಿಧಾನಕ್ಕಿಂತ ಹಳೆಯದು. ಸಂವಿಧಾನ ಸಭೆ ಮೊದಲು ಸೇರಿದ್ದು 1946ರ ಡಿಸೆಂಬರ್ 9ರಂದು. ಮರುದಿನವೇ ಝಾನ್ಸಿಯ ಆರ್. ವಿ. ಧುಲೇಕರ್ ಎದ್ದು ನಿಂತು ಹಿಂದೂಸ್ತಾನಿಯಲ್ಲಿ ಶುರು ಮಾಡಿದರು. ಅದು ಬಾರದವರಿದ್ದಾರೆ ಅಂತ ಅಧ್ಯಕ್ಷ ಪೀಠದಿಂದ ನೆನಪಿಸಿದರೆ, ಹಿಂದೂಸ್ತಾನಿ ಬಾರದವರಿಗೆ ಈ ದೇಶದಲ್ಲಿ ಇರುವ ಹಕ್ಕೇ ಇಲ್ಲ ಅಂದುಬಿಟ್ಟರು. ಸಭೆಗೆ ಎರಡನೇ ದಿನ! ಇನ್ನೂ ಕುರ್ಚಿ ಬಿಸಿಯಾಗಿರಲಿಲ್ಲ. ಮುಂದೆ ಮೂರು ವರ್ಷ ಹಗ್ಗಜಗ್ಗಾಟ ನಡೆದು 1949ರ ಸೆಪ್ಟೆಂಬರ್ 14ರಂದು ರಾಜಿಯಾಯಿತು. ಹಿಂದಿ ಆಡಳಿತ ಭಾಷೆ, ಇಂಗ್ಲಿಷ್ ಇನ್ನು 15 ವರ್ಷ ಜೊತೆಗೆ. ಆ 15 ವರ್ಷ ಮುಗಿಯುವ ಮೊದಲೇ 1963ರ ಆಡಳಿತ ಭಾಷೆಗಳ ಕಾಯ್ದೆ ಬಂತು, ಇಂಗ್ಲಿಷ್ ಉಳಿಯಿತು. 1965ರಲ್ಲಿ ತಮಿಳುನಾಡಿನ ಹಿಂದಿ ವಿರೋಧಿ ಚಳವಳಿಯಲ್ಲಿ ಏನಾಯಿತು ಅಂತ ನಿಮಗೆ ಗೊತ್ತೇ ಇದೆ.

ಆ ರಾಜಿಯ ದಿನ ಇನ್ನೊಂದು ನಡೆಯಿತು. ಅದನ್ನು ಜಾಸ್ತಿ ಜನ ಹೇಳುವುದಿಲ್ಲ. ಛೋಟಾ ನಾಗಪುರದ ಆದಿವಾಸಿ ನಾಯಕ ಜೈಪಾಲ್ ಸಿಂಗ್, ಮುಂಡಾರಿ, ಗೊಂಡಿ, ಒರಾನ್ ಭಾಷೆಗಳನ್ನೂ ಸಂವಿಧಾನದ ಭಾಷೆಗಳ ಪಟ್ಟಿಗೆ, ಅಂದರೆ ಎಂಟನೇ ಪರಿಚ್ಛೇದಕ್ಕೆ, ಸೇರಿಸಿ ಅಂತ ಕೇಳಿದರು. ಸೇರಿಸಲಿಲ್ಲ. ಅವತ್ತಿನ ಪಟ್ಟಿಯಲ್ಲಿದ್ದ ಭಾಷೆ 14, ಇವತ್ತು 22. ಅವರು ಕೇಳಿದ ಮೂರರಲ್ಲಿ ಒಂದೂ ಇನ್ನೂ ಒಳಗೆ ಬಂದಿಲ್ಲ. ನಮ್ಮ ಕೊಂಕಣಿ ಒಳಗೆ ಬಂದದ್ದು 1992ರಲ್ಲಿ, ಮಣಿಪುರಿ ಮತ್ತು ನೇಪಾಳಿ ಜೊತೆ.

ಈಗ 1967ಕ್ಕೆ ಬರೋಣ. ಆ ಲೋಕಸಭೆಯಲ್ಲಿ ನಮ್ಮ ಜಿಲ್ಲೆಯಿಂದ ಆರಿಸಿ ಹೋದವರು ದಿನಕರ ದೇಸಾಯಿ. ಪಕ್ಷೇತರರಾಗಿ. ಚುಟುಕದ ದೇಸಾಯಿಯವರು, ಅಂಕೋಲೆಯಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿದವರು. ಇಲ್ಲಿ ಕೂತವರಲ್ಲಿ ಎಷ್ಟೋ ಜನ ಆ ಟ್ರಸ್ಟಿನ ಶಾಲೆಯಲ್ಲೇ ಓದಿದವರು, ಅಲ್ವಾ? ಅದೇ ಸದನಕ್ಕೆ ಶಿವಮೊಗ್ಗದಿಂದ ಬಂದವರು ಜೆ. ಎಚ್. ಪಟೇಲ್. ಸಂಯುಕ್ತ ಸಮಾಜವಾದಿ ಪಕ್ಷ, ಲೋಹಿಯಾ ಗರಡಿ. ಲೋಕಸಭೆಯಲ್ಲಿ ಮೊದಲ ಸಲ ಕನ್ನಡದಲ್ಲಿ ಮಾತಾಡಿದವರು ಅವರು. ಸ್ಪೀಕರ್ ಆಗಿದ್ದವರು ನೀಲಂ ಸಂಜೀವ ರೆಡ್ಡಿ. ತೆಲುಗಿನವರು.

ಇಲ್ಲಿ ಒಂದು ವಿಷಯ ಗಮನಿಸಿ. ಪಟೇಲರು ಕಾನೂನು ಓದಿದವರು. ಇಂಗ್ಲಿಷ್ ಬಾರದೇ ಕನ್ನಡಕ್ಕೆ ಬಂದವರಲ್ಲ. 120ನೇ ವಿಧಿಯ ಅಕ್ಷರ ಹಿಡಿದು ನೋಡಿದರೆ ಅವರಿಗೆ ಅನುಮತಿ ಸಿಗಬಾರದಿತ್ತು. ಬಂದರೂ ಬೇಡ ಅಂದರು. ಆ ಕಾಲದಲ್ಲಿ ಇಂಗ್ಲಿಷಿಗೆ ಬೆನ್ನು ಹಾಕಿದವರೆಲ್ಲ ಹಿಂದಿಯ ಕಡೆ ಮುಖ ಮಾಡುತ್ತಾರೆ ಅಂತ ದಕ್ಷಿಣದವರಿಗೆ ಭಯವಿತ್ತು. ಪಟೇಲರು ಎರಡಕ್ಕೂ ಬೆನ್ನು ಹಾಕಿ ಚನ್ನಗಿರಿ ಕಡೆಯ ಕನ್ನಡಕ್ಕೆ ಮುಖ ಮಾಡಿದರು. ಅಪರೂಪದ ಧೈರ್ಯ ಅದು. ಅವರು ಮಾತಾಡುವಾಗ ಸದನದಲ್ಲಿ ಎಷ್ಟು ಜನಕ್ಕೆ ಅರ್ಥವಾಗಿರಬಹುದು? ಮೈಸೂರು ರಾಜ್ಯದಿಂದ ಹೋದ ಒಂದಿಷ್ಟು ಜನಕ್ಕೆ. ಉಳಿದವರಿಗೆ ನಮ್ಮ ಮೀನು ಪೇಟೆಯಲ್ಲಿ ಮೊದಲ ಸಲ ನಿಂತವರ ಹಾಗೆ ಆಗಿರಬೇಕು.

ಲೋಕಸಭೆಯ ಕಲಾಪದ ವರದಿ ಪುಸ್ತಕಗಳನ್ನು ಯಾರಾದರೂ ತೆರೆದು ನೋಡಿದ್ದೀರಾ? ಕನ್ನಡದಲ್ಲೋ ತಮಿಳಿನಲ್ಲೋ ಆಡಿದ ಭಾಷಣ ಅಲ್ಲಿ ಇಂಗ್ಲಿಷಿನಲ್ಲಿ ಇರುತ್ತದೆ. ಪಕ್ಕದಲ್ಲಿ ಒಂದು ಸಣ್ಣ ನಕ್ಷತ್ರದ ಗುರುತು. ಪುಟದ ಕೆಳಗೆ, ಇದು ಮೂಲದಲ್ಲಿ ಕನ್ನಡದಲ್ಲಿ ಮಾಡಿದ ಭಾಷಣದ ಇಂಗ್ಲಿಷ್ ಅನುವಾದ ಅಂತ ಒಂದು ಸಾಲು. ಅಷ್ಟೇ. ಒಬ್ಬ ಮನುಷ್ಯ ಗಂಟಲು ಹರಿದುಕೊಂಡು ಆಡಿದ ಮಾತು ಒಂದು ಚುಕ್ಕಿಯಾಗಿ ಕೂತಿದೆ. ಪಾಲಿನ ದಾವೆಯ ತಮ್ಮನಿಗೆ ಆ ಚುಕ್ಕಿಯೂ ಸಿಗಲಿಲ್ಲ ಅನ್ನಿ.

ಪ್ರಮಾಣವಚನದ ದಿನ ನೀವು ಟಿವಿ ನೋಡಬೇಕು. ಅವತ್ತು ದೇಶದ ಎಲ್ಲ ಭಾಷೆಗೂ ಹಬ್ಬ. ಒಬ್ಬರು ಕನ್ನಡ, ಒಬ್ಬರು ಬಂಗಾಳಿ, ಒಬ್ಬರು ಮೈಥಿಲಿ. ರುಮಾಲು, ಪಂಚೆ, ಶಾಲು. ಕ್ಯಾಮೆರಾದವರಿಗೆ ಕೈ ತುಂಬ ಕೆಲಸ. ಮರುವಾರ ಮಸೂದೆ ಮಂಡನೆಯಾಗುತ್ತದೆ. 348ನೇ ವಿಧಿಯ ಪ್ರಕಾರ ಮಸೂದೆಯ ಅಧಿಕೃತ ಪಾಠ ಇಂಗ್ಲಿಷಿನದು. ಅಂದರೆ ದೇವರ ಮೇಲೆ ಆಣೆ ಮಾಡಲು ಕನ್ನಡ ಸಾಕು. ಒಂದು ಅಲ್ಪವಿರಾಮ ಎಲ್ಲಿ ಇರಬೇಕು ಅಂತ ಜಗಳವಾಡಲು ಇಂಗ್ಲಿಷ್ ಬೇಕು. ಕಾನೂನಿನಲ್ಲಿ ಮುಖ್ಯವಾದದ್ದು ಆಣೆಯಾ ಅಲ್ಪವಿರಾಮವಾ ಅಂತ ಯಾವ ವಕೀಲರನ್ನು ಬೇಕಾದರೂ ಕೇಳಿ.

ಇನ್ನು ದುಭಾಷಿಗಳ ವಿಷಯ. ನನ್ನ ಜಾತಿಯವರು, ಅದಕ್ಕೆ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಲೋಕಸಭೆಯಲ್ಲಿ ಮಾತು ನಡೆಯುತ್ತಿರುವಾಗಲೇ ಹಿಂದಿಯಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಹಿಂದಿಗೆ ಕಿವಿಗೆ ಮುಟ್ಟಿಸುವ ಏರ್ಪಾಡು 1964ರಲ್ಲಿ ಬಂತು. ಬೇರೆ ಭಾಷೆಗಳಿಗೆ ನಿಧಾನವಾಗಿ ವಿಸ್ತರಿಸಿತು. ರಾಜ್ಯಸಭೆಯಲ್ಲಿ 2018ರಲ್ಲಿ ವೆಂಕಯ್ಯ ನಾಯ್ಡು ಸಭಾಪತಿಯಾಗಿದ್ದಾಗ 22 ಭಾಷೆಗಳಿಗೂ ಸೌಲಭ್ಯ ಆಯಿತು. ಆಗ ಹೊಸದಾಗಿ ಸೇರಿದ ಐದರಲ್ಲಿ ಕೊಂಕಣಿಯೂ ಒಂದು. ಲೋಕಸಭೆಗೆ ಕೊಂಕಣಿ ಬರಲು 2025ರ ಆಗಸ್ಟ್ ಆಗಬೇಕಾಯಿತು. ಅದಕ್ಕೂ ಮೊದಲು, ಅದೇ ವರ್ಷ ಫೆಬ್ರವರಿಯಲ್ಲಿ, ಸಂಸ್ಕೃತವೂ ಸೇರಿ ಆರು ಭಾಷೆ ಬಂದಾಗ ಡಿಎಂಕೆಯ ದಯಾನಿಧಿ ಮಾರನ್, ಸಂಸ್ಕೃತಕ್ಕೆ ಯಾಕೆ ಖರ್ಚು ಅಂತ ಕೇಳಿದರು. ಅದರ ಮೇಲೆ ಗಲಾಟೆಯಾಯಿತು. ನಮ್ಮಲ್ಲಿ ಭಾಷೆಯ ಮಾತು ಗಲಾಟೆಯಿಲ್ಲದೆ ಮುಗಿಯುವುದಿಲ್ಲ.

ದುಭಾಷಿಗಳು ಗಾಜಿನ ಗೂಡಿನಲ್ಲಿ ಕೂರುತ್ತಾರೆ. ಒಬ್ಬರೇ ತುಂಬ ಹೊತ್ತು ಮಾಡುವ ಕೆಲಸವಲ್ಲ ಅದು, ಪಾಳಿ ಹಾಕಿಕೊಂಡು ಮಾಡುತ್ತಾರೆ. ಕನ್ನಡದಿಂದ ಇಂಗ್ಲಿಷಿಗೆ ಮಾಡುವವರ ಕಷ್ಟ ಏನು ಅಂತ ಹೇಳುತ್ತೇನೆ ಕೇಳಿ. ಒಬ್ಬ ಸಂಸದರು ಹೀಗೆ ಮಾತಾಡುತ್ತಿದ್ದಾರೆ ಅಂದುಕೊಳ್ಳಿ: “ಕರಾವಳಿಯ ಮೀನುಗಾರರಿಗೆ ಕಳೆದ ಮಳೆಗಾಲದಲ್ಲಿ ದೋಣಿ ಒಡೆದಾಗ ಸಿಗಬೇಕಾಗಿದ್ದ ಪರಿಹಾರ ಪೂರ್ತಿಯಾಗಿ, ಅದೂ ಹೇಳಿದ ದಿನಕ್ಕೆ ಸರಿಯಾಗಿ…” ಸಿಕ್ಕಿದೆಯೋ ಸಿಕ್ಕಿಲ್ಲವೋ? ಇನ್ನೂ ಗೊತ್ತಿಲ್ಲ! ಕನ್ನಡ ಕೊನೆಯಲ್ಲಿ ಬಾಲ ಅಲ್ಲಾಡಿಸುವವರೆಗೆ ಪ್ರಾಣಿ ಯಾವುದು ಅಂತ ತಿಳಿಯುವುದಿಲ್ಲ. ಹಿಂದಿಗೆ ಮಾಡುವವರಿಗೆ ತೊಂದರೆ ಇಲ್ಲ, ಹಿಂದಿಯ ಕ್ರಿಯಾಪದವೂ ಕೊನೆಗೇ. ಜೊತೆಜೊತೆಗೆ ನಡೆಯಬಹುದು. ಇಂಗ್ಲಿಷಿಗೆ ಮಾಡುವವರು ಎರಡನೇ ಮಾತಿಗೇ ‘ಸಿಕ್ಕಿದೆ’ ಅಥವಾ ‘ಸಿಕ್ಕಿಲ್ಲ’ ಅನ್ನಲೇಬೇಕು. ಒಂದೋ ಉಸಿರು ಬಿಗಿಹಿಡಿದು ಕಾಯಬೇಕು, ಇಲ್ಲವೇ ಸಂಸದರು ಆಡಳಿತ ಪಕ್ಷವೋ ವಿರೋಧ ಪಕ್ಷವೋ ಅಂತ ನೋಡಿ ಊಹಿಸಬೇಕು. ತಮಾಷೆಗೆ ಹೇಳುತ್ತಿಲ್ಲ. ಕೋರ್ಟಿನಲ್ಲಿ ನಾನೂ ಹಾಗೆ ಊಹಿಸಿದ್ದೇನೆ. ಒಮ್ಮೆ ತಪ್ಪಾಗಿ ವಕೀಲರಿಂದ ಬೈಸಿಕೊಂಡಿದ್ದೇನೆ.

ಇಷ್ಟೆಲ್ಲ ಆದ ಮೇಲೆ ಆ ಮಾತು ಸದಸ್ಯರ ಮೇಜಿನ ಇಯರ್‌ಫೋನಿಗೆ ಬರುತ್ತದೆ. ಅದನ್ನು ಕಿವಿಗೆ ಹಾಕಿಕೊಳ್ಳುವವರು ಎಷ್ಟು ಜನ?

ಈ ಪ್ರಶ್ನೆಯೇ ನನ್ನನ್ನು ಕಾಡುವುದು. ಭಾಷೆಯ ಹಕ್ಕು ಅಂದ ಕೂಡಲೇ ನಾವೆಲ್ಲ ಬಾಯಿಯ ಕಡೆ ನೋಡುತ್ತೇವೆ. ನಾನು ಕೋರ್ಟಿನಲ್ಲಿ ನೋಡಿದ್ದು ಕಿವಿಯ ಸಂಗತಿ. ಸ್ಪೇನ್ ದೇಶದ ಸಂಸತ್ತು 2023ರ ಸೆಪ್ಟೆಂಬರಿನಲ್ಲಿ ಕತಲಾನ್, ಬಾಸ್ಕ್, ಗಲೀಷಿಯನ್ ಭಾಷೆಗಳಲ್ಲಿ ಮಾತಾಡಲು ಬಿಟ್ಟಿತು. ಮೊದಲ ದಿನವೇ ವೋಕ್ಸ್ ಅನ್ನುವ ಪಕ್ಷದವರು ಇಯರ್‌ಫೋನುಗಳನ್ನು ಪ್ರಧಾನಿಯ ಖಾಲಿ ಕುರ್ಚಿಯ ಮೇಲೆ ಒಟ್ಟಿ ಹೊರಗೆ ನಡೆದರು. ಅವರು ಯಾರ ಬಾಯಿಯನ್ನೂ ಮುಚ್ಚಲಿಲ್ಲ. ತಮ್ಮ ಕಿವಿ ಮುಚ್ಚಿಕೊಂಡರು. ಅಷ್ಟಾದರೆ ಸಾಕಲ್ಲ?

ಕಿವಿ ಮುಚ್ಚಿಕೊಂಡು ದೇಶವನ್ನೇ ಕಳೆದುಕೊಂಡ ಕಥೆ ನಮ್ಮ ಪಕ್ಕದಲ್ಲೇ ಇದೆ. ಅದನ್ನು ಹೇಳುವ ಮೊದಲು ಒಂದು ಅಡ್ಡಮಾತು. ಇಲ್ಲಿಂದ ಹತ್ತು ಹೆಜ್ಜೆ ನಡೆದರೆ ಟಾಗೋರರ ಹೆಸರಿನ ಕಡಲತೀರ. 1883ರಲ್ಲಿ ರವೀಂದ್ರನಾಥರು ಇಲ್ಲಿ ಬಂದು ಇದ್ದದ್ದು, ಬಂಗಾಳಿಯಲ್ಲಿ ಒಂದು ನಾಟಕ ಬರೆದದ್ದು ನಿಮಗೆ ಗೊತ್ತು. ಬಂದದ್ದು ಅಣ್ಣ ಸತ್ಯೇಂದ್ರನಾಥರ ಮನೆಗೆ. ಅವರು ಕಾರವಾರದ ಜಿಲ್ಲಾ ನ್ಯಾಯಾಧೀಶರು. ಮನೆಮಾತು ಬಂಗಾಳಿ, ಎದುರಿನ ಕಟಕಟೆಯಲ್ಲಿ ಕೊಂಕಣಿ, ಕನ್ನಡ. ನಡುವೆ ನಿಂತ ಗುಮಾಸ್ತ ಯಾರಿರಬಹುದು? ಆ ಪುಣ್ಯಾತ್ಮನನ್ನು ನಾನು ಆಗಾಗ ನೆನೆಯುತ್ತೇನೆ.

ಈಗ ಕಥೆ. 1948ರ ಫೆಬ್ರವರಿ, ಪಾಕಿಸ್ತಾನದ ಸಂವಿಧಾನ ಸಭೆ, ಕರಾಚಿ. ಪೂರ್ವ ಬಂಗಾಳದ ಕೊಮಿಲ್ಲಾದ ಧೀರೇಂದ್ರನಾಥ ದತ್ತ ಒಂದು ಸಣ್ಣ ತಿದ್ದುಪಡಿ ತಂದರು. ಸಭೆಯಲ್ಲಿ ಉರ್ದು, ಇಂಗ್ಲಿಷ್ ಜೊತೆ ಬಂಗಾಳಿಯನ್ನೂ ಬಳಸಲು ಬಿಡಿ ಅಂತ. ಆಗ ಪಾಕಿಸ್ತಾನದ ಅರ್ಧಕ್ಕಿಂತ ಹೆಚ್ಚು ಜನ ಬಂಗಾಳಿಯವರು. ಕೇಳಿದ್ದು ಸಿಂಹಾಸನವನ್ನಲ್ಲ, ಮೂರನೇ ಕುರ್ಚಿಯನ್ನು. ಪ್ರಧಾನಿ ಲಿಯಾಕತ್ ಅಲಿ ಖಾನ್ ವಿರೋಧಿಸಿದರು. ತಿದ್ದುಪಡಿ ಬಿದ್ದುಹೋಯಿತು. ನಾಲ್ಕು ವರ್ಷದ ನಂತರ, 1952ರ ಫೆಬ್ರವರಿ 21ರಂದು, ಢಾಕಾದಲ್ಲಿ ಬಂಗಾಳಿಗಾಗಿ ಬೀದಿಗಿಳಿದ ಹುಡುಗರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಇವತ್ತು ಜಗತ್ತು ಆ ದಿನವನ್ನು ತಾಯ್ನುಡಿಯ ದಿನ ಅಂತ ಆಚರಿಸುತ್ತದೆ. 1971ರ ಮಾರ್ಚಿನಲ್ಲಿ 80 ದಾಟಿದ ದತ್ತರನ್ನೂ ಅವರ ಮಗನನ್ನೂ ಸೈನಿಕರು ಮನೆಯಿಂದ ಎಳೆದೊಯ್ದರು. ಮರಳಿ ಬರಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಆ ದೇಶ ಎರಡಾಯಿತು. ಭಾಷೆಯೊಂದೇ ಕಾರಣ ಅಂತ ಹೇಳುವಷ್ಟು ದಡ್ಡ ನಾನಲ್ಲ. ಆದರೆ ಬಿರುಕು ಮೊದಲು ಕಂಡದ್ದು ಆ ಸಭೆಯಲ್ಲಿ, ಒಂದು ಸಣ್ಣ ತಿದ್ದುಪಡಿಯ ಮೇಲೆ.

ನೇಪಾಳದ್ದೂ ಒಂದು ಹೇಳಿ ಮುಂದೆ ಹೋಗುತ್ತೇನೆ. 2008ರಲ್ಲಿ ಅಲ್ಲಿನ ಉಪರಾಷ್ಟ್ರಪತಿ ಪರಮಾನಂದ ಝಾ ಹಿಂದಿಯಲ್ಲಿ ಪ್ರಮಾಣ ಮಾಡಿದರು. ಊರೆಲ್ಲ ಗಲಾಟೆ. ಸುಪ್ರೀಂ ಕೋರ್ಟು ಆ ಪ್ರಮಾಣ ನಡೆಯುವುದಿಲ್ಲ ಅಂದಿತು. 2010ರಲ್ಲಿ ಮೈಥಿಲಿಯಲ್ಲೂ ನೇಪಾಳಿಯಲ್ಲೂ ಇನ್ನೊಮ್ಮೆ ಮಾಡಿದರು. ನಮ್ಮಲ್ಲಿ ಯಾವ ಹಿಂದಿಯನ್ನು ದೊಡ್ಡಣ್ಣ ಅಂತ ದೂರುತ್ತೇವೋ ಅದೇ ಗಡಿ ದಾಟಿದರೆ ಬಡತಮ್ಮ.

ದೊಡ್ಡಣ್ಣ ಅಂದೆ. ನಮ್ಮ ಮನೆಗೂ ಬರಬೇಕಲ್ಲ.

ನನ್ನ ಅಪ್ಪ ಓದಿದ್ದು ಮರಾಠಿ ಶಾಲೆಯಲ್ಲಿ. ಆಗ ಈ ಜಿಲ್ಲೆ ಮುಂಬೈ ಆಡಳಿತದಲ್ಲಿತ್ತು, 1862ರಿಂದಲೂ. ಮನೆಯಲ್ಲಿ ಕೊಂಕಣಿ, ಲೆಕ್ಕದ ಪುಸ್ತಕದಲ್ಲಿ ಮರಾಠಿ, ಮಾಮಲೇದಾರ ಕಚೇರಿಯಲ್ಲಿ ಕನ್ನಡ. ಅಪ್ಪನಿಗೆ ಇದು ತೊಂದರೆ ಅನಿಸಿರಲೇ ಇಲ್ಲ. ಗಡಿ ಜಗಳ ಶುರುವಾದ ಮೇಲೆ ಕಾರವಾರ, ಸೂಪಾ, ಹಳಿಯಾಳ ತಮ್ಮದು ಅಂತ ಮಹಾರಾಷ್ಟ್ರ ಕೇಳಿತು. 1967ರಲ್ಲಿ ಆ ಜಗಳ ವಿಚಾರಿಸಿದ ಮಹಾಜನ್ ಆಯೋಗದ ವರದಿ ಬಂತು. ಆ ದಿನಗಳಲ್ಲಿ ‘ನೀವು ಯಾವ ಭಾಷೆಯವರು?’ ಅಂತ ಯಾರಾದರೂ ಕೇಳಿದರೆ ಅಪ್ಪ ‘ಯಾಕೆ ಕೇಳ್ತೀರಿ?’ ಅಂತ ತಿರುಗಿ ಕೇಳುತ್ತಿದ್ದರು. ಕೊಂಕಣಿಯನ್ನು ಮರಾಠಿಯ ಉಪಭಾಷೆ ಅಂತ ಎಣಿಸಿದರೆ ನಾವು ಒಂದು ಕಡೆ, ಬೇರೆ ಭಾಷೆ ಅಂತ ಎಣಿಸಿದರೆ ಇನ್ನೊಂದು ಕಡೆ. ಸಾಹಿತ್ಯ ಅಕಾಡೆಮಿ ಕೊಂಕಣಿಯನ್ನು ಸ್ವತಂತ್ರ ಭಾಷೆ ಅಂತ ಒಪ್ಪಿದ್ದೇ 1975ರಲ್ಲಿ. ಅಡುಗೆಮನೆಯಲ್ಲಿ ಆಡುವ ಮಾತಿನ ಮೇಲೆ ರಾಜ್ಯದ ಗಡಿ ನಿಂತಿದೆ ಅಂದರೆ ಯಾರಿಗಾದರೂ ಬಾಯಿ ಕಟ್ಟುತ್ತದೆ.

ಜನಗಣತಿಯ ಫಾರಮ್ಮಿನಲ್ಲಿ ತಾಯ್ನುಡಿಗೆ ಒಂದೇ ಜಾಗ. ಬೇರೆ ಬರುವ ಭಾಷೆಗಳಿಗೆ ಎರಡು ಜಾಗ. ನಮ್ಮ ಬಂದರಿನ ಹುಡುಗನಿಗೆ ಸಾಲುವುದಿಲ್ಲ. ದೋಣಿಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಸೀಬರ್ಡ್ ನೌಕಾನೆಲೆಯ ಗೇಟಿನಲ್ಲಿ ಹಿಂದಿ, ಮೊಬೈಲಿನಲ್ಲಿ ಇಂಗ್ಲಿಷ್. ಘಟ್ಟ ಹತ್ತಿ ಶಿರಸಿಗೆ ಹೋದರೆ ‘ಹೋಪಲೆ’, ‘ಬಪ್ಪಲೆ’ ಅನ್ನುವ ಹವ್ಯಕ ಕನ್ನಡ. ಭಟ್ಕಳಕ್ಕೆ ಇಳಿದರೆ ನವಾಯತಿ. ಹಾಲಕ್ಕಿ ಒಕ್ಕಲಿಗರ ಕನ್ನಡವೇ ಬೇರೆ. ಅದನ್ನು ‘ಅಶುದ್ಧ’ ಅಂತ ತಿದ್ದುವ ಮೇಷ್ಟ್ರು ದಿಲ್ಲಿಯವರಲ್ಲ, ನಮ್ಮವರೇ.

ದಿಲ್ಲಿಯಲ್ಲಿ ಕನ್ನಡಕ್ಕೆ ಕುರ್ಚಿ ಕೇಳುವವರು ಬೆಂಗಳೂರಿನಲ್ಲಿ ಏನು ಮಾಡುತ್ತೇವೆ? ರಾಜ್ಯದ ಸದನಗಳಿಗೆ 210ನೇ ವಿಧಿ. ಅಲ್ಲೂ ಅದೇ ‘ಬಾರದ’ ಅನ್ನುವ ಮುಳ್ಳು. 2023ರಲ್ಲಿ ವಿಧಾನಸಭೆಯಲ್ಲಿ ಪುತ್ತೂರಿನ ಶಾಸಕರು ತುಳುವಿನಲ್ಲಿ ಮಾತಾಡಿದರು. ಸ್ಪೀಕರ್ ಕುರ್ಚಿಯಲ್ಲಿ ಯು. ಟಿ. ಖಾದರ್ ಇದ್ದರು, ಅವರಿಗೂ ತುಳು ಬರುತ್ತದೆ, ಅವರೂ ತುಳುವಿನಲ್ಲೇ ಉತ್ತರ ಕೊಟ್ಟರು. ಎಲ್ಲರೂ ನಕ್ಕರು, ಖುಷಿಪಟ್ಟರು. ಆದರೆ ಕುರ್ಚಿಯಲ್ಲಿ ಬೀದರಿನವರು ಇದ್ದಿದ್ದರೆ?

ಹಾಗಾದರೆ ನಮ್ಮ ಸಂಸದರು ಯಾವ ಭಾಷೆಯಲ್ಲಿ ಮಾತಾಡಬೇಕು? ಇಲ್ಲಿ ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸಲಿಕ್ಕಿಲ್ಲ. ಭಾಷೆ ಆರಿಸುವುದು ಅಂದರೆ ಕೇಳುವವರನ್ನು ಆರಿಸುವುದು. ಹುಬ್ಬಳ್ಳಿ–ಅಂಕೋಲಾ ರೈಲು ಬೇಕು ಅಂತ ಮಂತ್ರಿಯನ್ನು ಹಿಡಿಯುವಾಗ ಮಂತ್ರಿಗೆ ತಿಳಿಯುವ ಭಾಷೆ ಆಡಲಿ, ಸುಮ್ನೆ ಹಠ ಬೇಡ. ಆ ರೈಲಿಗೆ ಕಾದು ಕಾದು ನಮ್ಮ ತಲೆ ಬೆಳ್ಳಗಾಗಿದೆ. ಈಗ ಇನ್ನೊಂದು ಚಾಳಿ ಶುರುವಾಗಿದೆ. ಸದನದಲ್ಲಿ ಎರಡು ನಿಮಿಷ ಕನ್ನಡ, ಆ ತುಣುಕು ಸಂಜೆಯೊಳಗೆ ವಾಟ್ಸಾಪಿನಲ್ಲಿ. ಅದು ಸದನಕ್ಕೆ ಆಡಿದ ಮಾತಲ್ಲ, ನಮಗೆ ಆಡಿದ್ದು. ತಪ್ಪು ಅನ್ನುವುದಿಲ್ಲ. ಆದರೆ ಅದನ್ನು ಪಟೇಲರ ಪಕ್ಕ ಇಡಬೇಡಿ.

ಕನ್ನಡದಲ್ಲೇ ಆಡಬೇಕಾದ ಮಾತುಗಳು ಬೇರೆ ಇವೆ. ಯಾವುವು ಅಂತ ತೋರಿಸಲು ಇನ್ನೊಂದು ಸಾಕ್ಷಿಯ ಕಥೆ.

ಮೀನು ಮಾರುವ ಒಬ್ಬ ಬಾಯಿ, ಅಂದರೆ ಹೆಂಗಸು. ಅಪ್ಪನ ಮನೆ ಪಾಲಿನ ದಾವೆಯಲ್ಲಿ ಸಾಕ್ಷಿ. ಕೊಂಕಣಿ ಮಾತ್ರ. ನಾನು ಪಕ್ಕದಲ್ಲಿ ನಿಂತೆ. ಆಸ್ತಿಯಲ್ಲಿ ಪಾಲು ಕೇಳಿದ್ದೀರಾ ಅಂದರೆ ‘ನಾಕಾ’ ಅಂದಳು. ವಕೀಲರು ನನ್ನ ಅನುವಾದಕ್ಕೆ ಕಾಯದೆ, “ಸ್ವಾಮಿ, ಪಾಲು ಇಲ್ಲ ಅಂತ ಸಾಕ್ಷಿಯೇ ಹೇಳುತ್ತಿದ್ದಾರೆ” ಅಂದರು. ಟೈಪ್ ಮಾಡುವ ಸದ್ದು ಶುರುವಾಯಿತು. ಆ ಬಾಯಿಗೆ ಏನೋ ತಪ್ಪಾಯಿತು ಅಂತ ಹೊಳೆಯಿತು. ನನ್ನ ಕಡೆ ತಿರುಗಿ ಮೂರೇ ಮಾತು ಹೇಳಿದಳು: “ನಾ ನ್ಹಯ್, ನಾಕಾ!”

ಕನ್ನಡದಲ್ಲಿ ಹೇಳಿ ನೋಡಿ. ಇಲ್ಲ ಅಲ್ಲ, ಬೇಡ! ಒಂದು ಅಕ್ಷರ ಸೋರುವುದಿಲ್ಲ. ಪಾಲು ಇಲ್ಲದೆ ಅಲ್ಲ, ಇದೆ, ಆದರೆ ನನಗೆ ಬೇಡ. ಕೊಂಕಣಿ ಬೇರೆ ಕುಲದ ಭಾಷೆ, ಕನ್ನಡ ಬೇರೆ ಕುಲದ್ದು. ಆದರೂ ನಾ, ನ್ಹಯ್, ನಾಕಾ ಮೂರೂ ನಮ್ಮ ಇಲ್ಲ, ಅಲ್ಲ, ಬೇಡ ಮೂರರ ಪಕ್ಕ ಅಕ್ಕತಂಗಿಯರ ಹಾಗೆ ನಿಲ್ಲುತ್ತವೆ. ನೂರಾರು ವರ್ಷ ಒಂದೇ ಬಾವಿಯ ನೀರು ಸೇದಿದ ಗುಣ. ಇಂಗ್ಲಿಷಿನಲ್ಲಿ ಮೂರಕ್ಕೂ ‘ನೋ’ ಒಂದೇ ಮುಂದೆ ಬರುತ್ತದೆ. ನಾನು ಕನ್ನಡದಲ್ಲಿ ಹೇಳಿದೆ. ನ್ಯಾಯಾಧೀಶರಿಗೆ ತಟ್ಟನೆ ತಿಳಿಯಿತು. ಇಂಗ್ಲಿಷಿನಲ್ಲಿ ಬರೆಸಲು ಅವರಿಗೆ ಎರಡು ಸಾಲು ಬೇಕಾಯಿತು. ಬರೆಸಿದರು, ಪಾಪ.

ಲೋಕಸಭೆಯಲ್ಲಿ ಮತಕ್ಕೆ ಹಾಕುವಾಗ ‘ಹಾಂ’ ಅನ್ನುವವರು, ‘ನಾ’ ಅನ್ನುವವರು ಅಂತ ಹಿಂದಿಯಲ್ಲಿ ಕೇಳುತ್ತಾರಲ್ಲ, ಆ ‘ನಾ’ ಕೇಳಿದಾಗೆಲ್ಲ ನನಗೆ ಆ ಬಾಯಿಯ ನೆನಪು. ಒಂದು ಅಣೆಕಟ್ಟಿನ, ಒಂದು ಬಂದರಿನ ಮಾತು ಬಂದಾಗ ನಮ್ಮ ಜನ ಹೇಳುವುದು ಯಾವುದು? ಇಲ್ಲವೋ, ಅಲ್ಲವೋ, ಬೇಡವೋ? ಅಥವಾ ‘ಅಡ್ಡಿಲ್ಲ’ವೋ, ಮತ್ತು ಯಾವ ಅಡ್ಡಿಲ್ಲ? ಇದನ್ನು ನಮ್ಮ ಸಂಸದರು ನಮ್ಮ ಮಾತಿನಲ್ಲೇ ಹೇಳಲಿ. ಗಾಜಿನ ಗೂಡಿನಲ್ಲಿ ಕೂತವರಿಗೆ ಕಷ್ಟವಾಗಲಿ. ಎರಡು ಸಾಲು ಜಾಸ್ತಿ ಬೇಕಾದರೆ ಬರೆಯಲಿ.

ನನ್ನ ಮಾತು ಇಷ್ಟು. ಚಾ ಆರುವ ಮೊದಲು ಪ್ರಶ್ನೆ ಇದ್ದರೆ ಕೇಳಿ.

(ಪ್ರಶ್ನೆ ಕೇಳಿದ್ದು ಒಬ್ಬರೇ. ಹಿಂದಿನ ಸಾಲಿನಲ್ಲಿ ಬಾಗಿಲ ಪಕ್ಕ ಕೂತಿದ್ದ ಒಬ್ಬ ಅಜ್ಜಿ. ಮಳೆಗೆ ಒಳಗೆ ಬಂದವರೋ, ಮಾತು ಕೇಳಲೆಂದೇ ಬಂದವರೋ ಗೊತ್ತಿಲ್ಲ. ಕೊಂಕಣಿಯಲ್ಲಿ ಕೇಳಿದರು: ಭಾಷೆ ಯಾವುದಾದರೂ ಆಗಲಿ, ಒಣಮೀನು ಮಾರುವವರ ವಿಷಯ ಅಲ್ಲಿ ಇಷ್ಟು ವರ್ಷದಲ್ಲಿ ಯಾರಾದರೂ ಎತ್ತಿದ್ದಾರಾ? ಇಷ್ಟು ಹೊತ್ತು ಮಾತಾಡಿದ ನೀನು ಅದನ್ನು ಯಾಕೆ ಹೇಳಲಿಲ್ಲ?

ನನ್ನ ಬಳಿ ಉತ್ತರ ಇರಲಿಲ್ಲ. ಹಾಗಂತಲೇ ಹೇಳಿದೆ. ಪಕ್ಕದಲ್ಲಿ ಸಂಘಟಕರು ಪತ್ರಿಕೆಗೆ ಕಳಿಸಲು ವರದಿ ಬರೆಯುತ್ತಿದ್ದರು. ಧಾರವಾಡ ಕಡೆಯವರು, ವರ್ಗವಾಗಿ ಬಂದು ಆರು ತಿಂಗಳಾಗಿದೆ. “ಏನಂತಾರ್ರೀ ಅಜ್ಜಿ?” ಅಂದರು. ಕನ್ನಡದಲ್ಲಿ ಹೇಳಿದೆ. ತಲೆಯಾಡಿಸಿ ಬರೆದುಕೊಂಡರು. ಹೊರಡುವಾಗ ಆ ಹಾಳೆ ನನ್ನ ಮುಂದೆ ಹಿಡಿದರು. ಕೊನೆಯ ಸಾಲು ಹೀಗಿತ್ತು: ‘ಮೀನುಗಾರ ಮಹಿಳೆಯೊಬ್ಬರು ಉಪನ್ಯಾಸವನ್ನು ಮೆಚ್ಚಿ ಮಾತನಾಡಿದರು.’

“ಬರೋಬ್ಬರಿ ಐತಲ್ರೀ?” ಅಂದರು.

ಬಸ್ಸಿಗೆ ಹೊತ್ತಾಗಿತ್ತು. ಮಳೆ ಬೇರೆ. ಅಡ್ಡಿಲ್ಲ ಅಂದೆ.)